ಇಪ್ಪತ್ನಾಲ್ಕರ ಎದುರಿನ ಸೊನ್ನೆ

ಜುಲೈ ೨೪. ಬೆಳಿಗ್ಗೆ ೮.೪೫

ಮಳೆ ೧೨.೬ ಮಿ.ಮೀ. ಗಾಳಿ ಇಲ್ಲ. ಅಳತೆಯ ಗಾಜು ತೊಳೆದು ಬೋರಲು ಹಾಕಿದ್ದಾಯಿತು.

ಪತ್ರಿಕೆಯಲ್ಲಿ ಅಂಕಣದ ಹೆಸರು ಮತ್ತೆ ತಪ್ಪಾಗಿದೆ. ‘ಈ ದಿನ, ಹಿಂದೊಮ್ಮೆ’ ಎಂಬುದು ನಾನಿಟ್ಟ ಹೆಸರು. ಅಲ್ಪವಿರಾಮ ನುಂಗಿದ್ದಾರೆ. ಕಳೆದ ವಾರ ಮಿ.ಮೀ. ಹೋಗಿ ಮೀ. ಆಗಿತ್ತು. ಒಂದೇ ದಿನ ನಲವತ್ತು ಮೀಟರ್ ಮಳೆ! ಓದುಗರೆಲ್ಲ ಮುಳುಗಿ ಸತ್ತಿರಬೇಕು. ಉಪಸಂಪಾದಕನಿಗೆ ಫೋನ್ ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿ.

“ಒಂದು ಚುಕ್ಕೆ ತಾನೇ, ಮೇಷ್ಟ್ರೇ?”

“ಒಂದು ಚುಕ್ಕೆಗೇ ನಿನ್ನ ಕಿವಿ ಹಿಂಡಿದ್ದೆ. ಮರೆತೆಯಾ?”

“ಮರೆಯೋದುಂಟಾ? ಎಡಗಿವಿ ಈಗಲೂ ಒಂದಿಂಚು ಉದ್ದ ಇದೆ.”

ನಗು ಬಂತು. ಆದರೆ ಚುಕ್ಕೆ ಚುಕ್ಕೆಯೇ.

ಜನವರಿ ಒಂದರಿಂದ ಇಂದಿಗೆ ಇನ್ನೂರೈದು ಅಂಕಣಗಳು. ಆಯಾ ತಾರೀಖಿನಂದು ಜಗತ್ತಿನ ಯಾವುದೋ ಮೂಲೆಯಲ್ಲಿ, ಯಾವುದೋ ವರ್ಷ, ಆಕಾಶ ಏನು ಮಾಡಿತು ಎಂಬ ಲೆಕ್ಕ. ಚಂಡಮಾರುತ, ಹಿಮಪಾತ, ಪ್ರವಾಹ, ಬರ. ಒಂದು ದಿನವೂ ತಪ್ಪಿಸಿಲ್ಲ. ನಾನು ಕೈಯಲ್ಲಿ ಬರೆಯುತ್ತೇನೆ. ಸೊಸೆ ಕೊರಿಯರ್ ಆಫೀಸಿಗೆ ಹೊರಡುವ ಮುನ್ನ ಫೋನಿನಲ್ಲಿ ಟೈಪ್ ಮಾಡಿ ಕಳುಹಿಸುತ್ತಾಳೆ. ಇಂಗ್ಲಿಷ್ ಮಾಧ್ಯಮದವಳು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದಂತೆ. ಇಂದು ‘ಸಿಡಿಲು’ ಹೋಗಿ ‘ಸಡಿಲು’ ಮೂಡಿತು.

“ಸಡಿಲು ಬಡಿದು ಮೂವರು ಸತ್ತರು ಅಂತ ಓದಿದ್ರೂ ಜನಕ್ಕೆ ಅರ್ಥ ಆಗುತ್ತೆ ಮಾವ.”

“ಅರ್ಥವಾಗುವುದಕ್ಕಾಗಿ ಅಲ್ಲ, ಸರಿಯಾಗಿರುವುದಕ್ಕಾಗಿ ಬರೆಯುವುದು.”

“ಆಯ್ತು ಹೆಡ್ ಮಾಸ್ಟರೇ,” ಎಂದು ತಿದ್ದಿದಳು.

ಜುಲೈ ೨೬. ಬೆಳಿಗ್ಗೆ ೯

ಮಳೆ ೩.೨. 

ಇಂದಿನ ಅಂಕಣ ಚೆನ್ನಾಗಿ ಬಂದಿದೆ. ಅಲ್ಪವಿರಾಮವೂ ಇದೆ. ೨೦೦೫, ಮುಂಬೈ. ಒಂದೇ ದಿನದಲ್ಲಿ ೯೪೪ ಮಿ.ಮೀ. ಓದುಗರೊಬ್ಬರು ಮುಂಚೆಯೇ ಪತ್ರ ಬರೆದು ಕೆಣಕಿದ್ದರು: ಮಳೆ ಸುರಿದದ್ದು ಇಪ್ಪತ್ತಾರರಂದು, ಕೆಲವು ದಾಖಲೆಗಳಲ್ಲಿ ಇಪ್ಪತ್ತೇಳು ಎಂದಿದೆ, ಪಂಡಿತರು ಯಾವುದನ್ನು ಒಪ್ಪುವಿರಿ ಎಂದು. ‘ಪಂಡಿತರು’ ಎಂಬುದರಲ್ಲಿ ಕೊಂಕಿದೆ. ಬಿಡಲಿಲ್ಲ. ಅಂಕಣದ ಕೊನೆಗೆ ಒಂದು ಟಿಪ್ಪಣಿ ಸೇರಿಸಿದೆ:

‘ಮಳೆಯನ್ನು ಅಳೆಯುವುದು ದಿನಕ್ಕೊಮ್ಮೆ, ಬೆಳಿಗ್ಗೆ ಎಂಟೂವರೆಗೆ. ಹಿಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಬಿದ್ದ ನೀರನ್ನೆಲ್ಲ ಅಳೆದ ದಿನದ ತಾರೀಖಿಗೆ ಬರೆಯುವುದು ನಿಯಮ. ಆದ್ದರಿಂದ ಇಂದು ಮಧ್ಯಾಹ್ನ ಬಿದ್ದ ಮಳೆ ಪುಸ್ತಕದಲ್ಲಿ ನಾಳೆಯ ಎದುರು ಕುಳಿತಿರುತ್ತದೆ. ಬೀಳುವ ದಿನ ಬೇರೆ, ಬರೆಯುವ ದಿನ ಬೇರೆ. ನಿಯಮ ತಿಳಿಯದೆ ಪುಸ್ತಕ ಓದುವವರು ಮಳೆ ಬಂದ ದಿನವನ್ನು ಒಣಗಿಸಿಬಿಡುತ್ತಾರೆ.’

ಕೊನೆಯ ವಾಕ್ಯ ತಾನಾಗಿ ಬಂತು. ಮೂರು ಬಾರಿ ಓದಿಕೊಂಡೆ.

ಜುಲೈ ೨೯. ಬೆಳಿಗ್ಗೆ ೧೧.೩೦

ಅವಳು ಬಂದಿದ್ದಳು. ಈಗಷ್ಟೇ ಹೋದಳು. ಬರೆದಿಡಬೇಕು, ಮಾತುಗಳು ಮಾಸುವ ಮುನ್ನ.

ಹತ್ತು ಗಂಟೆಗೆ ಗೇಟಿನ ಸದ್ದು. ನಲವತ್ತರ ಆಸುಪಾಸಿನ ಹೆಂಗಸು, ಔಷಧಿ ಅಂಗಡಿಯ ಬಿಳಿ ಕೋಟು ಮಡಚಿ ತೋಳಿನ ಮೇಲೆ ಹಾಕಿಕೊಂಡವಳು. ಗುರುತು ಸಿಗಲಿಲ್ಲ.

“ಗೊತ್ತಾಗ್ಲಿಲ್ವಾ ಸರ್? ಏಳನೇ ಕ್ಲಾಸು, ಕಿಟಕಿ ಪಕ್ಕದ ಬೆಂಚು. ‘ಮಹಾಪ್ರಾಣ ಅಂದ್ರೆ ಹೊಟ್ಟೆಯಿಂದ ಬರಬೇಕು’ ಅಂತ ನಂಗೆ ನೂರು ಸಲ ‘ಭ’ ಹೇಳಿಸಿದ್ರಿ.”

“ಈಗ ಬರುತ್ತದೆಯೇ?”

“ಭರುತ್ತೆ ಸರ್.”

ನಕ್ಕೆ. ಆಮೇಲೆ ಅವಳು ಹೇಳಿದಳು, “ಮೇಸ್ತ್ರಿ ಮಗಳು ಸರ್ ನಾನು. ನಮ್ಮ ಸ್ಕೂಲಿನ ಹಿಂದಿನ ಗೋಡೆ ಕಟ್ಟಿದ ಮೇಸ್ತ್ರಿ.”

ಕೂರಲು ಹೇಳಿದೆ. ಬ್ಯಾಗಿನಿಂದ ಪತ್ರಿಕೆಯ ತುಣುಕು ತೆಗೆದಳು. ಮುಂಬೈ ಅಂಕಣ. ಟಿಪ್ಪಣಿಯ ಕೆಳಗೆ ನೀಲಿ ಪೆನ್ನಿನ ಗೆರೆ.

“ದಿನಾ ಅಪ್ಪಂಗೆ ಇದನ್ನ ಓದಿ ಹೇಳ್ತೀನಿ. ಇದು ಓದಿದ ಕೂಡಲೇ ಕೈ ಎತ್ತಿ ನಿಲ್ಲಿಸಿದ್ರು. ‘ಇನ್ನೊಂದ್ಸಲ ಓದು’ ಅಂದ್ರು. ಮೂರು ಸಲ ಓದಿದೆ. ಆಮೇಲೆ ನಂಗೂ ಹೊಳೀತು ಸರ್. ಗೋಡೆ ಬಿದ್ದಿದ್ದು ಆಗಸ್ಟ್ ಇಪ್ಪತ್ನಾಲ್ಕು, ಮಧ್ಯಾಹ್ನ. ಮಳೆ ಹುಯ್ದು ಹುಯ್ದು ಆಮೇಲೆ ಬಿತ್ತು. ನಾನೇ ಅಲ್ಲಿದ್ದೆ, ನನ್ನ ಲಂಗ ಒದ್ದೆ ಇತ್ತು. ಆದ್ರೆ ವಿಚಾರಣೆಯಲ್ಲಿ ಇಪ್ಪತ್ನಾಲ್ಕಕ್ಕೆ ಮಳೆ ಸೊನ್ನೆ ಅಂತ ಬರ್ಕೊಂಡ್ರು. ಮಳೆ ಇಲ್ದೆ ಗೋಡೆ ಬಿತ್ತು, ಹಾಗಾದ್ರೆ ಗಾರೆಯಲ್ಲೇ ಮೋಸ ಅಂದ್ರು. ಆ ಸೊನ್ನೆ… ಅದು ಹಿಂದಿನ ದಿನದ ಮಳೆ ಲೆಕ್ಕ, ಅಲ್ವಾ ಸರ್?”

“ಹೌದು. ಇಪ್ಪತ್ಮೂರರ ಬೆಳಗಿನಿಂದ ಇಪ್ಪತ್ನಾಲ್ಕರ ಬೆಳಗಿನವರೆಗಿನದು.”

“ಅಪ್ಪನ ಮಳೆ ಇಪ್ಪತ್ತೈದರ ಎದುರು ಇದೆ.”

“ಹೌದು.”

ಕಣ್ಣು ಒರೆಸಿಕೊಂಡಳು. ಸಿಟ್ಟಿಲ್ಲ. ಅದೇ ನನಗೆ ಕಷ್ಟವಾಯಿತು.

“ನಿಮ್ಮ ತಪ್ಪಲ್ಲ ಸರ್. ರೂಲ್ಸ್ ಹಾಗಿತ್ತು, ನೀವು ರೂಲ್ಸ್ ಪ್ರಕಾರ ಹೇಳಿದ್ರಿ. ಓದೋಕೆ ಬರದೇ ಇದ್ದಿದ್ದು ಆ ಆಫೀಸರಿಗೆ. ಒಂದೇ ಕೇಳ್ಕೊಳ್ಳೋದು. ಮುಂದಿನ ತಿಂಗಳು ಇಪ್ಪತ್ನಾಲ್ಕಕ್ಕೆ ನಿಮ್ಮ ಅಂಕಣ ಬರುತ್ತಲ್ಲ, ಅದ್ರಲ್ಲಿ ಎರಡು ಸಾಲು. ಅವತ್ತು ಮಳೆ ಬಂದಿತ್ತು ಅಂತ. ಅಪ್ಪನ ಶ್ವಾಸಕೋಶ ಪೂರ್ತಿ ಹೋಗಿದೆ. ಸಿಮೆಂಟಿನ ಧೂಳು. ಡಾಕ್ಟ್ರು ವಾರಗಳ ಲೆಕ್ಕ ಹೇಳ್ತಿದಾರೆ. ಆ ತಾರೀಖಿಗೆ ಕಾಯ್ತಿದಾರೆ ಸರ್.”

“ನೋಡೋಣಮ್ಮ,” ಎಂದೆ.

ಜುಲೈ ೩೦. ಮಧ್ಯಾಹ್ನ ೩

ದಾಖಲೆ ಪುಸ್ತಕದ ನಕಲು ಪ್ರತಿ ಕಪಾಟಿನಲ್ಲಿತ್ತು. ಇಪ್ಪತ್ತಾರು ವರ್ಷದ ಹಿಂದಿನ ಆಗಸ್ಟ್. ನನ್ನದೇ ಅಕ್ಷರ, ಒಂದೂ ಗೆರೆ ದಾಟಿಲ್ಲ. ೨೪: ೦.೦. ೨೫: ೨೧೧.೪.

ಆ ದಿನ ನಡೆದದ್ದು ಇಷ್ಟು. ಬೆಳಿಗ್ಗೆ ಎಂಟೂವರೆಗೆ ಅಳೆದೆ, ಮಾಪಕ ಒಣಗಿತ್ತು. ಹನ್ನೊಂದಕ್ಕೆ ಕತ್ತಲಾಯಿತು. ಎರಡೂವರೆವರೆಗೆ ಸುರಿಯಿತು. ನಿಂತಿತು. ಮಕ್ಕಳು ಹೊರಬಂದರು. ಶಾಲೆಯ ಹಿಂದಿನ ದಿಬ್ಬದ ಮಣ್ಣು ತಡೆಯಲು ಕಟ್ಟಿದ್ದ ಗೋಡೆ. ಅದರ ಬುಡದಲ್ಲಿ ಕುಡಿಯುವ ನೀರಿನ ನಲ್ಲಿ. ಎರಡು ನಲವತ್ತಕ್ಕೆ ಗೋಡೆ ಮುಂದಕ್ಕೆ ಬಾಗಿ ಬಿತ್ತು. ನಲ್ಲಿಯ ಬಳಿ ಏಳನೇ ತರಗತಿಯ ಇಬ್ಬರು ಹುಡುಗಿಯರಿದ್ದರು. ಹಾಜರಿ ಸಂಖ್ಯೆ ಹದಿನೇಳು, ಇಪ್ಪತ್ಮೂರು.

ನಾಲ್ಕು ತಿಂಗಳ ನಂತರ ವಿಚಾರಣೆ. ಅಧಿಕಾರಿ ಬೇರೆ ಊರಿನವರು. ಸಾಕ್ಷಿ ಹೇಳಿದವರು ಮಕ್ಕಳು, ಕೂಲಿಯವರು. ಎಲ್ಲರೂ ‘ಜೋರು ಮಳೆ’ ಎಂದರು. ಅಧಿಕಾರಿಗೆ ಜೋರು ಬೇಡ, ಅಂಕಿ ಬೇಕು. ಮುಖ್ಯೋಪಾಧ್ಯಾಯನೂ ಮಳೆ ಅಳೆಯುವವನೂ ನಾನೇ. ಕರೆದರು.

“ಇಪ್ಪತ್ನಾಲ್ಕನೇ ತಾರೀಖಿನ ಎದುರು ಎಷ್ಟಿದೆ?”

“ಸೊನ್ನೆ, ಸರ್.”

“ಖಚಿತವಾಗಿ?”

“ಇಪ್ಪತ್ತು ವರ್ಷಗಳಲ್ಲಿ ನನ್ನ ಪುಸ್ತಕ ಒಂದು ದಿನವೂ ತಪ್ಪಿಲ್ಲ, ಸರ್.”

ಅವರು ಗುಮಾಸ್ತರತ್ತ ತಿರುಗಿ, “ಬರ್ಕೊಳ್ಳಿ, ಆ ದಿನ ಮಳೆ ಇಲ್ಲ,” ಎಂದರು. ಮಳೆ ಮರುದಿನದ್ದು, ಸಾಕ್ಷಿಗಳು ದುಃಖದಲ್ಲಿ ದಿನಗಳನ್ನು ಬೆರೆಸಿದ್ದಾರೆ ಎಂದು ವರದಿ. ಅದರ ಮೇಲೆ ಮೊಕದ್ದಮೆ. ಮೇಸ್ತ್ರಿಗೆ ಎರಡೂವರೆ ವರ್ಷ ಜೈಲು. ಹೊರಬಂದ ಮೇಲೆ ಯಾರೂ ಅವನಿಗೆ ಒಂದು ಕಾಂಪೌಂಡು ಕಟ್ಟಲೂ ಕೊಡಲಿಲ್ಲ. ಬೇರೆಯವರ ಗೋಡೆಗಳಿಗೆ ಸಿಮೆಂಟು ಕಲಸಿದ.

ನಾನು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆ: ಎದುರು ಎಷ್ಟಿದೆ. ಎದುರು ಇದ್ದದ್ದು ಸೊನ್ನೆ.

ಇಪ್ಪತ್ತಾರು ವರ್ಷಗಳಿಂದ ಈ ಮೂರು ವಾಕ್ಯಗಳನ್ನು ಇದೇ ಕ್ರಮದಲ್ಲಿ ಹೇಳಿಕೊಂಡಿದ್ದೇನೆ. ಇಂದು ಬರೆದು ನೋಡಿದರೆ ಮೂರನೆಯದರ ಆಚೆ ಇನ್ನೊಂದು ವಾಕ್ಯಕ್ಕೆ ಜಾಗ ಕಾಣುತ್ತಿದೆ.

ಆಗಸ್ಟ್ ೮. ಬೆಳಿಗ್ಗೆ ೯.೧೫

ಎಂಟು ದಿನ ಇದನ್ನು ತೆರೆಯಲಿಲ್ಲ. ಮಳೆ ಅಳೆದೆ, ಅಂಕಣ ಬರೆದೆ, ಊಟ ಮಾಡಿದೆ.

ಇಂದಿನದು ೧೯೭೫, ಚೀನಾ. ಚಂಡಮಾರುತದ ಮಳೆಗೆ ಬಾನ್‌ಚಿಯಾವ್ ಅಣೆಕಟ್ಟು ಒಡೆದದ್ದು. ನೀರು ಹೊರಬಿಡಲು ಹನ್ನೆರಡು ತೂಬುಗಳು ಬೇಕೆಂದು ತಜ್ಞರೊಬ್ಬರು ಹೇಳಿದ್ದರಂತೆ, ಇಟ್ಟದ್ದು ಐದು. ಸತ್ತವರ ಸಂಖ್ಯೆ ಇಂದಿಗೂ ನಿರ್ಧಾರವಾಗಿಲ್ಲ. ನಿನ್ನೆ ಟೈಪ್ ಮಾಡುವಾಗ ಸೊಸೆ ಕೇಳಿದಳು.

“ತೂಬು ಅಂದ್ರೆ ಏನು ಮಾವ?”

“ನೀರು ಹೊರಗೆ ಹೋಗುವ ಬಾಯಿ.”

“ಅದನ್ನ ಯಾಕೆ ಕಡಿಮೆ ಮಾಡಿದ್ರು?”

“ಅಷ್ಟು ಬೇಡವೆನ್ನಿಸಿರಬೇಕು.”

“ಯಾರಿಗೆ?”

ನಾನು ಎದ್ದುಹೋದೆ. ಅವಳಿಗೆ ಬೇಸರವಾಗಿರಬೇಕು.

ಸರಿ. ಇಲ್ಲಿ ಓದುಗರಿಲ್ಲ. ಬರೆಯುತ್ತೇನೆ.

ಆ ಗೋಡೆಗೆ ಒಂಬತ್ತು ತೂತುಗಳಿದ್ದವು. ಹಿಂದಿನ ಮಣ್ಣಿನ ನೀರು ಬಸಿಯಲಿ ಎಂದು ಮೇಸ್ತ್ರಿ ಬಿಟ್ಟವು. ಗೋಡೆಗೆ ಸುಣ್ಣ ಬಳಿಸಿ, ಅದರ ಮೇಲೆ ನಾನು ನೀಲಿ ಬಣ್ಣದಲ್ಲಿ ವರ್ಣಮಾಲೆ ಬರೆದಿದ್ದೆ. ನನ್ನ ಕೈಯಿಂದಲೇ. ಏಣಿ ಹತ್ತಿ, ಹನ್ನೊಂದು ಭಾನುವಾರ. ಅಷ್ಟು ದುಂಡಗಿನ ‘ಋ’ ಯಾವ ಶಾಲೆಯ ಗೋಡೆಯ ಮೇಲೂ ಇರಲಿಲ್ಲ. ಒಂದು ಮಳೆ ಬಂತು. ತೂತುಗಳಿಂದ ಕೆಂಪು ನೀರು ಅಕ್ಷರಗಳ ಮೇಲೆ ಇಳಿಯಿತು. ‘ಳ’ ಅಳುತ್ತಿರುವಂತೆ ಕಂಡಿತು. ಆಗಸ್ಟ್ ಇಪ್ಪತ್ತೆಂಟಕ್ಕೆ ಶಾಲಾ ಇನ್‌ಸ್ಪೆಕ್ಟರ್ ಭೇಟಿ ಇತ್ತು. ಮೇಸ್ತ್ರಿಯನ್ನು ಕರೆಸಿ ತೂತು ಮುಚ್ಚಲು ಹೇಳಿದೆ.

“ಬೇಡ ಮೇಷ್ಟ್ರೇ. ಹಿಂದೆ ನೀರು ನಿಂತ್ರೆ ಗೋಡೆ ನಿಲ್ಲಲ್ಲ.”

“ಭೇಟಿ ಮುಗಿಯುವ ತನಕ ಮಾತ್ರ.”

ಮುಚ್ಚಿದ. ಜುಲೈ ಕೊನೆಗೊಮ್ಮೆ ಬಂದ, ತೆಗೆಯಲೇ ಎಂದು. ಭೇಟಿ ಮುಗಿಯಲಿ ಎಂದೆ. ಆಗಸ್ಟ್ ಮಧ್ಯದಲ್ಲಿ ಮತ್ತೆ ಬಂದ, ಉಳಿ ಸುತ್ತಿಗೆ ಹಿಡಿದೇ ಬಂದಿದ್ದ. “ಹೇಳಿದ್ದು ಒಂದು ಸಲಕ್ಕೆ ಅರ್ಥವಾಗುವುದಿಲ್ಲವೇ?” ಎಂದೆ, ಮಕ್ಕಳೆದುರು. ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೋದ.

ಆದ್ದರಿಂದ, ಆ ದಿನ ಮಳೆ ಬಂದಿತ್ತೆಂದು ಒಪ್ಪಿದ್ದರೆ ಅಧಿಕಾರಿಯ ಮುಂದಿನ ಪ್ರಶ್ನೆ: ನೀರು ಎಲ್ಲಿ ಹೋಯಿತು? ಮಳೆ ಸೊನ್ನೆಯಾದರೆ ಆ ಪ್ರಶ್ನೆಯೇ ಇಲ್ಲ.

ಇದು ಆ ಗಳಿಗೆಯಲ್ಲೇ ನನಗೆ ತಿಳಿದಿತ್ತು. ‘ಸೊನ್ನೆ, ಸರ್’ ಎನ್ನುವ ಮುನ್ನವೇ.

ಆಗಸ್ಟ್ ೮. ಸಂಜೆ ೬

ಇನ್ನೊಂದು. ದುರಂತದ ನಂತರ ಶಾಲೆ ತೆರೆದ ಮೇಲೆ ಮೂರು ದಿನ ಹದಿನೇಳು, ಇಪ್ಪತ್ಮೂರರ ಎದುರು ‘ಗೈ’ ಎಂದು ಬರೆದೆ. ಗೈರುಹಾಜರು. ಹೆಸರು ತೆಗೆಯಲು ಪೋಷಕರಿಂದ ಲಿಖಿತ ಅರ್ಜಿ ಬೇಕು ಎಂಬುದು ನಿಯಮ. ಗಣಿತ ಹೇಳಿಕೊಡುತ್ತಿದ್ದ ಮೇಡಂ ರಿಜಿಸ್ಟರ್ ನೋಡಿ ಸ್ಟಾಫ್ ರೂಮಿನಿಂದ ಹೊರಗೆ ಓಡಿದರು. ಆಗ ಅವರನ್ನು ದುರ್ಬಲ ಮನಸ್ಸಿನವರೆಂದುಕೊಂಡೆ.

ಆಗಸ್ಟ್ ೧೨. ಮಧ್ಯಾಹ್ನ ೧

ಹೋಗಿಬಂದೆ.

ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ. ಕಡಿದಾದ ಮೆಟ್ಟಿಲು. ಕಿಟಕಿಯ ಪಕ್ಕ ಮಂಚ, ಮಂಚದ ತುಂಬ ದಿಂಬುಗಳು, ಅವುಗಳ ನಡುವೆ ಅವನು. ನಾನು ನೆನಪಿಟ್ಟುಕೊಂಡಿದ್ದವನ ಅರ್ಧದಷ್ಟಿದ್ದಾನೆ. ಉಸಿರು ಎಳೆಯುವಾಗ ಮರಳು ಜರಡಿ ಹಿಡಿದ ಸದ್ದು.

“ಬನ್ನಿ ಮೇಷ್ಟ್ರೇ. ಆ ಕುರ್ಚಿಗೆ ಒಂದು ಕಾಲು ಕುಂಟು. ಗೋಡೆಗೆ ಒರಗಿಸ್ಕೊಂಡು ಕೂತ್ಕೊಳ್ಳಿ. ಭಯ ಬೇಡ, ಆ ಗೋಡೆ ನಾನು ಕಟ್ಟಿದ್ದಲ್ಲ.”

“ಅಪ್ಪಾ!” ಎಂದಳು ಮಗಳು.

“ಮೇಷ್ಟ್ರು ನಗ್ಲಿ ಅಂತ ಹೇಳಿದೆ ಕಣೇ. ನಗ್ಲಿಲ್ಲ, ನೋಡು. ಮೊದಲಿಂದಲೂ ಹಾಗೇ.”

ಅಂಕಣದ ಬಗ್ಗೆ ಕೇಳಿದ. ಆಲಿಕಲ್ಲು ಕ್ರಿಕೆಟ್ ಚೆಂಡಿನಷ್ಟು ದಪ್ಪ ಇದ್ದದ್ದು ನಿಜವೇ ಎಂದ. ಅವನಿಗೆ ಎಲ್ಲ ನೆನಪಿದೆ, ತಾರೀಖುಗಳ ಸಮೇತ. ನನ್ನ ಯಾವ ವಿದ್ಯಾರ್ಥಿಯೂ ಪಾಠವನ್ನು ಹಾಗೆ ನೆನಪಿಟ್ಟುಕೊಂಡಿರಲಿಲ್ಲ.

“ಎಲ್ಲೆಲ್ಲಿ ಏನೇನು ಬಿತ್ತು ಅಂತ ಎಲ್ಲಾ ಗೊತ್ತಾಯ್ತು ಮೇಷ್ಟ್ರೇ. ನಮ್ಮದೊಂದು ಉಳ್ಕೊಂಡಿದೆ.”

ಮಗಳು ಕೆಳಗಿನಿಂದ ಟೀ ತರಲು ಹೋದಳು. ಅವಳ ಚಪ್ಪಲಿಯ ಸದ್ದು ಕೊನೆಯ ಮೆಟ್ಟಿಲು ದಾಟುವವರೆಗೆ ಅವನು ಕಿವಿಗೊಟ್ಟಿದ್ದ.

“ಅವಳಿಗೆ ತೂತಿನ ವಿಷಯ ಗೊತ್ತಿಲ್ಲ.”

“ಯಾಕೆ ಹೇಳಲಿಲ್ಲ? ವಿಚಾರಣೆಯಲ್ಲೂ ಹೇಳಲಿಲ್ಲ.”

“ನೀವು ಹೇಳ್ತೀರಿ ಅಂತ ಕಾದೆ. ಮುಂದಿನ ಬೆಂಚಲ್ಲೇ ಕೂತಿದ್ರಿ. ಎರಡು ಸಲ ಕೆಮ್ಮಿದ್ರಿ. ಈಗ ಏಳ್ತಾರೆ, ಈಗ ಹೇಳ್ತಾರೆ ಅಂದ್ಕೊಂಡೆ. ಅಷ್ಟರಲ್ಲಿ ಊಟದ ಗಂಟೆ ಹೊಡೀತು.”

“ನೀನೇ ಹೇಳಬಹುದಿತ್ತು.”

“ಏನಂತ? ಮೇಷ್ಟ್ರು ಹೇಳಿದ್ರು, ಮುಚ್ಚಿದೆ ಅಂತನಾ? ಮುಚ್ಚಬಾರದು ಅಂತ ಗೊತ್ತಿತ್ತಲ್ಲ ನಂಗೆ. ಗೊತ್ತಿದ್ದೂ ಗಾರೆ ಮೆತ್ತಿದ ಕೈ ಇದು.” ಕೈ ಎತ್ತಿ ತೋರಿಸಿದ. ಬೆರಳುಗಳು ಸೀಳಿದ ಬಿದಿರಿನಂತಿದ್ದವು. “ಜೈಲಿಗೆ ಹೋದಾಗ ಅನ್ಯಾಯ ಅಂತ ಅನ್ನಿಸ್ಲಿಲ್ಲ ಮೇಷ್ಟ್ರೇ. ಒಬ್ಬನೇ ಹೋದೆನಲ್ಲ, ಅಂತ ಅನ್ನಿಸ್ತು.”

ಮೆಟ್ಟಿಲಿನ ಮೇಲೆ ಲೋಟಗಳ ಸದ್ದು.

“ಮಳೆ ಬಂದಿತ್ತು ಅಂತ ಬರೀರಿ. ನನ್ನ ಗಾರೆಯಲ್ಲಿ ಮೋಸ ಇರಲಿಲ್ಲ ಅಂತ ಅವಳಿಗೆ ಗೊತ್ತಾಗ್ಲಿ. ಅಷ್ಟು ಸಾಕು. ಉಳಿದಿದ್ದು ನಿಮಗೆ ಬಿಟ್ಟಿದ್ದು.”

ಟೀ ಕುಡಿದೆ. ‘ಅಷ್ಟು ಸಾಕು’ ಎಂಬ ಎರಡು ಪದಗಳನ್ನು ಆಸರೆಯ ಕಂಬಿಯಂತೆ ಹಿಡಿದುಕೊಂಡು ಮೆಟ್ಟಿಲಿಳಿದೆ. ಆಮೇಲೆ ಅವನು ಹೇಳಿದ ಇನ್ನೊಂದು ವಾಕ್ಯವನ್ನು ಅಲ್ಲೇ ಬಿಟ್ಟು ಬಂದೆ ಎಂದು ಮನೆಗೆ ತಲುಪಿದ ಮೇಲೆ ತಿಳಿಯಿತು.

ಆಗಸ್ಟ್ ೧೯. ಬೆಳಿಗ್ಗೆ ೮.೪೦

ಮಳೆ ೦.೦.

ಇನ್ನು ಐದು ದಿನ. ಇಪ್ಪತ್ನಾಲ್ಕಕ್ಕೆ ೧೯೯೨ರ ಆಂಡ್ರ್ಯೂ ಚಂಡಮಾರುತ ಸಿದ್ಧವಾಗಿದೆ. ಬಹಳ ದೊಡ್ಡದು, ಹಾಳೆ ತುಂಬಿಬಿಡುತ್ತದೆ. ಅದನ್ನೇ ಕಳುಹಿಸಿದರೆ ಯಾರೂ ಕೇಳುವಂತಿಲ್ಲ. ಒಬ್ಬಳನ್ನು ಬಿಟ್ಟು. ಇಬ್ಬರನ್ನು ಬಿಟ್ಟು.

ಆಗಸ್ಟ್ ೨೩. ಬೆಳಿಗ್ಗೆ ೧೦

ಕಳುಹಿಸಿದ್ದಾಯಿತು. ಹೇಗೆ ಎಂಬುದನ್ನು ಬರೆಯುತ್ತೇನೆ.

ಆಂಡ್ರ್ಯೂವನ್ನು ಕೈಬಿಟ್ಟೆ. ಅಂಕಣ ಪೂರ್ತಿ ನಮ್ಮ ಶಾಲೆಯದು. ಆ ದಿನದ ಮಳೆ ೨೧೧.೪ ಮಿ.ಮೀ.; ನಿಯಮದಂತೆ ಮರುದಿನದ ಎದುರು ದಾಖಲೆ; ವಿಚಾರಣೆ ಅದನ್ನು ತಪ್ಪಾಗಿ ಓದಿತು; ಮೇಸ್ತ್ರಿಯ ಗಾರೆಯಲ್ಲಿ ಮೋಸ ಇರಲಿಲ್ಲ. ಕೊನೆಗೆ ಒಂದು ವಾಕ್ಯ: ‘ಗೋಡೆಯ ಒಂಬತ್ತು ನೀರುತೂತುಗಳು ಮುಚ್ಚಲ್ಪಟ್ಟಿದ್ದವು.’

ಅದನ್ನು ಬರೆಯಲು ನಿನ್ನೆ ಇಡೀ ದಿನ ಹಿಡಿಯಿತು. ಸೊಸೆ ಟೈಪ್ ಮಾಡುತ್ತ ಅಲ್ಲಿಗೆ ಬಂದು ನಿಂತಳು.

“ಮುಚ್ಚಲ್ಪಟ್ಟಿದ್ದವು. ಯಾರಿಂದ ಮಾವ?”

“ಅದು ಕರ್ಮಣಿ ಪ್ರಯೋಗ. ಕರ್ತೃವನ್ನು ಹೇಳಲೇಬೇಕೆಂದಿಲ್ಲ.”

“ಪ್ಯಾಸಿವ್ ವಾಯ್ಸ್. ನಮಗೂ ಹೇಳ್ಕೊಟ್ಟಿದ್ರು. ತಿಂಡಿ ಡಬ್ಬಿ ಖಾಲಿ ಆದಾಗ ನಾವು ಅದನ್ನೇ ಹೇಳ್ತಿದ್ವಿ. ಡಬ್ಬಿ ಖಾಲಿ ಮಾಡಲ್ಪಟ್ಟಿದೆ ಮೇಡಂ.” ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಮೂವತ್ತೆರಡು ವರ್ಷ ಮಕ್ಕಳಿಗೆ ಕಲಿಸಿದ್ದೇನೆ: ಕನ್ನಡಕ್ಕೆ ಕರ್ತರಿ ಪ್ರಯೋಗವೇ ಸಹಜ, ಮಾಡಿದವನನ್ನು ಮೊದಲು ಹೇಳು, ಮಾಡಿದ್ದನ್ನು ಆಮೇಲೆ ಹೇಳು. ‘ಪಟ್ಟಿತು’ ಎಂದು ಬರೆದವರ ಪುಸ್ತಕಕ್ಕೆ ಕೆಂಪು ಗೆರೆ ಎಳೆದಿದ್ದೇನೆ.

ಅವಳಿಗೆ ಹೇಳಿದೆ. ಎಲ್ಲ. ಏಣಿ, ನೀಲಿ ಬಣ್ಣ, ಉಳಿ ಸುತ್ತಿಗೆ. ಜೋರಾಗಿ ಹೇಳಿದ್ದು ಇದೇ ಮೊದಲು. ಅವಳ ಕೈಯಲ್ಲಿದ್ದ ಫೋನಿನ ಬೆಳಕು ಆರಿತು. ಮತ್ತೆ ಒತ್ತಲಿಲ್ಲ.

“ಏನ್ ಟೈಪ್ ಮಾಡ್ಲಿ ಮಾವ?” ಎಂದಳು.

‘ಮುಚ್ಚಿಸಿದವನು ನಾನು’ ಎನ್ನಬೇಕಿತ್ತು. ಮೂರು ಪದ… ಎಣಿಸಿದರೆ ಎರಡೇ.

“ಆ ವಾಕ್ಯ ಬಿಟ್ಟುಬಿಡು,” ಎಂದೆ. “ಅವನೇ ಸಾಕು ಎಂದಿದ್ದಾನೆ.”

ಅವಳು ಒಂದೊಂದೇ ಅಕ್ಷರ ಅಳಿಸಿದಳು. ಆಫೀಸಿಗೆ ಹೊರಡುವಾಗ ದಿನದಂತೆ “ಬರ್ತೀನಿ ಮಾವ” ಎನ್ನಲಿಲ್ಲ.

ಆಗಸ್ಟ್ ೨೪. ಬೆಳಿಗ್ಗೆ ೧೦.೩೦

ಮಳೆ ೧.೪.

ಎಂಟು ಗಂಟೆಯಿಂದ ಫೋನು. ಹಳೆಯ ವಿದ್ಯಾರ್ಥಿಗಳು, ನಿವೃತ್ತ ಸಹೋದ್ಯೋಗಿಗಳು. ಉಪಸಂಪಾದಕ ಹೇಳಿದ, “ಮೇಷ್ಟ್ರೇ, ಊರೆಲ್ಲ ಇದೇ ಮಾತು. ಇಷ್ಟು ವರ್ಷದ ಮೇಲೆ ಮೇಸ್ತ್ರಿಗೆ ನ್ಯಾಯ ಕೊಡಿಸಿದ್ರಿ. ನಿಮ್ಮಂಥೋರು ಈಗ ಎಲ್ಲಿದ್ದಾರೆ!” ಒಂದು ಚುಕ್ಕೆಯೂ ತಪ್ಪಾಗದೆ ಅಚ್ಚಾಗಿದೆ.

ಸಂತೋಷವಾಯಿತು. ಇದನ್ನೂ ಬರೆದಿಡುತ್ತೇನೆ. ನಿಜವಾಗಿ ಸಂತೋಷವಾಯಿತು. ಕನ್ನಡಿಯ ಮುಂದೆ ನಿಂತು ಅಂಗಿಯ ಕಾಲರು ಸರಿಮಾಡಿಕೊಂಡೆ.

ಆಗಸ್ಟ್ ೨೪. ಸಂಜೆ ೫.೧೦

ಮೇಸ್ತ್ರಿ ಹೋದ. ಬೆಳಿಗ್ಗೆ ಒಂಬತ್ತೂಕಾಲಿಗೆ.

ಮಗಳು ತಾನೇ ಹೇಳಲು ಬಂದಿದ್ದಳು. ಗೇಟಿನ ಒಳಗೆ ಬರಲಿಲ್ಲ. ಜಗಲಿಯ ಮೇಲೆ ನಾನು, ಗೇಟಿನಾಚೆ ಅವಳು.

“ಓದಿ ಹೇಳಿದೆ ಸರ್. ಕಣ್ಣು ಮುಚ್ಕೊಂಡು ಕೇಳಿದ್ರು. ಮೋಸ ಇರಲಿಲ್ಲ ಅನ್ನೋ ಸಾಲು ಬಂದಾಗ ನನ್ನ ಕೈ ಹಿಡ್ಕೊಂಡ್ರು. ನೀವು ಮಾಡಿದ ಉಪಕಾರ…” ಗೇಟಿನ ಚಿಲಕ ಹಿಡಿದುಕೊಂಡಳು. “ಆಮೇಲೆ ‘ಮುಂದೆ ಓದು’ ಅಂದ್ರು. ಅಷ್ಟೇ ಅಪ್ಪ, ಮುಗೀತು ಅಂದೆ. ‘ಇಲ್ಲ, ಇನ್ನೂ ಇರುತ್ತೆ, ಸರಿಯಾಗಿ ನೋಡು’ ಅಂದ್ರು. ಪೇಪರ್ ಹತ್ರ ಹಿಡಿದು ತೋರಿಸ್ದೆ. ಅದ್ರ ಕೆಳಗೆ ಟಯರ್ ಅಂಗಡಿ ಜಾಹೀರಾತಿತ್ತು. ‘ಪುಟ ತಿರುಗ್ಸು’ ಅಂದ್ರು. ತಿರುಗ್ಸಿದೆ. ಅಲ್ಲೂ ಇರಲಿಲ್ಲ. ‘ಸರಿ ಬಿಡು’ ಅಂದ್ರು. ಅಷ್ಟೇ ಸರ್. ಮತ್ತೆ ಮಾತಾಡ್ಲಿಲ್ಲ.”

ನಾನು ಕಂಬ ಹಿಡಿದು ನಿಂತಿದ್ದೆ.

“ಮುಂದೆ ಏನಿತ್ತು ಸರ್? ನೀವು ಬರೆದಿದ್ರಾ? ಪೇಪರಿನವರು ಕತ್ತರಿಸಿದ್ರಾ?”

“ಜಾಗ ಸಾಲಲಿಲ್ಲವೇನೋ,” ಎಂದೆ.

ಇದು ದಾಖಲೆಯ ಮಾತಲ್ಲ. ಕೇಳಿದ ಪ್ರಶ್ನೆಗೆ ಅಳೆದು ಕೊಟ್ಟ ಉತ್ತರವಲ್ಲ. ಶುದ್ಧ ಸುಳ್ಳು. ಜೀವನದ ಮೊದಲ ಸುಳ್ಳು ಎಂದು ಬರೆಯಲು ಹೊರಟೆ. ಬರೆಯಲಾಗಲಿಲ್ಲ.

“ನಾಳೆ ಹತ್ತು ಗಂಟೆಗೆ ಪತ್ರಿಕೆ ಆಫೀಸಿಗೆ ಹೋಗಿ ಕೇಳ್ತೀನಿ ಸರ್. ಕೊಡ್ಲೇಬೇಕು ಅವರು. ಅಪ್ಪ ಅದನ್ನ ಕೇಳಿಸ್ಕೊಳ್ಳೋಕೆ ಅಂತಲೇ ಜೀವ ಹಿಡ್ಕೊಂಡಿದ್ರು. ನಾನಾದ್ರೂ ಓದ್ಬೇಕು.”

ಕೈ ಮುಗಿದು ಹೋದಳು. ನನಗೆ ಕೈ ಮುಗಿದು.

ಸೊಸೆ ಬಾಗಿಲಲ್ಲಿದ್ದಳು. ಎಷ್ಟು ಹೊತ್ತಿನಿಂದ ಎಂದು ಕೇಳಲಿಲ್ಲ.

ಆಗಸ್ಟ್ ೨೫. ಬೆಳಿಗ್ಗೆ ೮.೩೫

ಮಳೆ ಬಂದಿದೆ. ಅಳೆದಿಲ್ಲ.

ಸೊಸೆ ಆಫೀಸಿಗೆ ತಡವಾಗುತ್ತದೆ ಎಂದು ಫೋನ್ ಮಾಡಿ ಹೇಳಿದ್ದಾಳೆ. ಎದುರಿನ 
ಕುರ್ಚಿಯಲ್ಲಿ ಕುಳಿತಿದ್ದಾಳೆ. “ಹೇಳಿ ಮಾವ. ನೀವು ಹೇಗೆ ಹೇಳ್ತೀರೋ ಹಾಗೇ. ನಾನು ಒಂದಕ್ಷರ ಕೇಳಲ್ಲ.” ಹತ್ತು ಗಂಟೆಗೆ ಮುಂಚೆ ಅದು ಪತ್ರಿಕೆಯ ಆಫೀಸಿನಲ್ಲಿರಬೇಕು. ಆ ಹುಡುಗಿ ಅಲ್ಲಿ ಹೋಗಿ ಯಾರದೋ ಮೇಲೆ ರೇಗುವ ಮುನ್ನ.

ಮೊದಲು ಇಲ್ಲಿ ಬರೆದು ನೋಡುತ್ತೇನೆ.

ತಿದ್ದುಪಡಿ. ನಿನ್ನೆಯ ಅಂಕಣದಲ್ಲಿ ಒಂದು ವಾಕ್ಯ ಬಿಟ್ಟುಹೋಗಿದೆ.

ಬಿಟ್ಟುಹೋಗಿದೆ ಅಲ್ಲ. ಬಿಟ್ಟಿದ್ದೇನೆ.

ನಿನ್ನೆಯ ಅಂಕಣದಲ್ಲಿ ನಾನು ಒಂದು ವಾಕ್ಯ ಬಿಟ್ಟಿದ್ದೇನೆ. ಜಾಗ ಸಾಲದೆ ಅಲ್ಲ. ಪತ್ರಿಕೆಯವರ ತಪ್ಪೂ ಅಲ್ಲ. ಆ ಗೋಡೆಯ ಒಂಬತ್ತು ತೂತುಗಳನ್ನು ಮುಚ್ಚಿಸಿದವನು, ತೆರೆಯಲು ಬಂದ ಮೇಸ್ತ್ರಿಯನ್ನು ಎರಡು ಬಾರಿ ಹಿಂದಕ್ಕೆ ಕಳುಹಿಸಿದವನು, ಆ ಮಧ್ಯಾಹ್ನದ ಮಳೆಯನ್ನು ಕಣ್ಣಾರೆ ಕಂಡೂ ವಿಚಾರಣೆಯಲ್ಲಿ ಸೊನ್ನೆ ಎಂದವನು…